ಬಟ್ಟಲಿನ ತಳವೂ ಅದು ಬಂದ ದಾರಿಯೂ

ಮಾಘಮಾಸದಲ್ಲಿ, ಕಾವೇರಿಯ ತಿರುವಿನಲ್ಲಿರುವ ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿಯ ತೇರು ಸಮೀಪಿಸಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಸುಣ್ಣಬಣ್ಣದ ಕೆಲಸ ಮೊದಲಾಗುತ್ತದೆ. ನೆಂಟರಿಷ್ಟರು ಬರುವ ಹೊತ್ತಿಗೆ ಮನೆ ಚೊಕ್ಕಟವಾಗಿರಬೇಕೆಂಬ ಕಾರಣದಿಂದ ಅಟ್ಟದ ಮೇಲಿನ ಪೆಟ್ಟಿಗೆಗಳೆಲ್ಲ ಕೆಳಗಿಳಿಯುತ್ತವೆ. ಅವುಗಳಲ್ಲಿ ಯಾವುದಾದರೊಂದರ ತಳದಿಂದ, ಮಾಸಿದ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಪಿಂಗಾಣಿಯ ಬಟ್ಟಲೊಂದು ಹೊರಬರುತ್ತದೆ. ಆ ಬಳಿಕ ಈ ಅಂಕಣಕ್ಕೆ ಪತ್ರಗಳು ಬರಲಾರಂಭಿಸುತ್ತವೆ. ನೀಲಿ, ಕೆಂಪು, ಹೊಂಬಣ್ಣಗಳಲ್ಲಿ ಹೂಬಳ್ಳಿ ಬರೆದಿರುವ ಈ ಬಟ್ಟಲು ಜಪಾನಿನದೆಂದು ನಮ್ಮ ಅಜ್ಜ ಹೇಳುತ್ತಿದ್ದರು, ಅದು ನಿಜವೆ, ಎಷ್ಟು ಹಳೆಯದು, ಬೆಲೆ ಏನು ಬಾಳೀತು ಎಂದು ತಿರುಮಕೂಡಲಿನಿಂದಲೂ ನಂಜನಗೂಡಿನಿಂದಲೂ ಮೈಸೂರಿನಿಂದಲೂ ಓದುಗರು ಕೇಳುತ್ತಲೇ ಇರುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಬಟ್ಟಲುಗಳನ್ನು ಸಂಗ್ರಹಿಸಬೇಕೆಂಬ ಆಸೆಯುಂಟು, ಎಲ್ಲಿಂದ ಮೊದಲುಮಾಡಬೇಕು ಎಂದು ಬರೆಯುತ್ತಾರೆ.

ಬೆಲೆಯ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ. ಅದು ಕೊಳ್ಳುವವನ ಆಸೆಗೂ ಮಾರುವವನ ಅವಸರಕ್ಕೂ ಸೇರಿದ್ದು. ಮಿಕ್ಕ ಪ್ರಶ್ನೆಗಳಿಗೆ ನನ್ನ ಉತ್ತರ ಇಷ್ಟು: ಬಟ್ಟಲು ಎಷ್ಟು ಹಳೆಯದೆಂಬುದನ್ನು ಅದರ ಹೂವುಗಳಿಗಿಂತ ಹೆಚ್ಚಾಗಿ ಅದರ ತಳ ಹೇಳುತ್ತದೆ, ಅದನ್ನು ಏಕೆ ಇಟ್ಟುಕೊಳ್ಳಬೇಕೆಂಬುದನ್ನು ಅದು ನಮ್ಮ ಮನೆಗೆ ಬಂದ ದಾರಿ ಹೇಳುತ್ತದೆ. ಮೊದಲನೆಯದನ್ನು ಯಾವ ದೇಶದವರೂ ಕಲಿತು ತಿಳಿಯಬಹುದು. ಎರಡನೆಯದನ್ನು ಬಲ್ಲವರು ನಾವು ಮಾತ್ರ. ಕನ್ನಡನಾಡಿನ ಸಂಗ್ರಾಹಕನೊಬ್ಬನು ಜಗತ್ತಿನ ವಿದ್ಯೆಗೆ ಏನನ್ನಾದರೂ ಕೂಡಿಸಬಲ್ಲನಾದರೆ ಅದು ಈ ಎರಡನೆಯ ವಿಷಯದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಬಟ್ಟಲನ್ನು ಅರಿಯಬೇಕಾದರೆ ಅದನ್ನು ಬಳಸುವ ಬಗೆಯನ್ನು ಮೊದಲು ಅರಿಯಬೇಕು. ಜಪಾನೀಯರು ಅನ್ನದ ಬಟ್ಟಲನ್ನು ಕೆಳಗಿಟ್ಟು ಅದರ ಕಡೆಗೆ ಬಾಗಿ ಉಣ್ಣುವುದಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು ಬಾಯಿಯ ಸಮೀಪಕ್ಕೆ ತಂದುಕೊಳ್ಳುತ್ತಾರೆ. ಹೀಗೆ ಕೈಯಲ್ಲಿ ಎತ್ತಿ ಹಿಡಿಯತಕ್ಕ ವಸ್ತುವಾದ್ದರಿಂದ ಅದರ ತಳದಲ್ಲಿ ಬಳೆಯಾಕಾರದ ಒಂದು ಪೀಠವನ್ನು ಕಡೆದು ನಿಲ್ಲಿಸಿರುತ್ತಾರೆ. ಬಿಸಿ ಅನ್ನದ ಕಾವು ಬೆರಳಿಗೆ ತಾಗದಂತೆ ಹಿಡಿತಕ್ಕೆ ಸಿಗುವುದು ಆ ಬಳೆಯೇ. ಎತ್ತಿದಾಗ ಎದುರಿಗೆ ಕುಳಿತವನಿಗೆ ಹೊರಮೈ ಕಾಣುತ್ತದೆ, ಅನ್ನ ಮುಗಿದಾಗ ಉಂಡವನಿಗೆ ಒಳಮೈ ಕಾಣುತ್ತದೆ, ತೊಳೆದು ಬೋರಲಿಟ್ಟಾಗ ತಳ ಕಾಣುತ್ತದೆ. ಆದಕಾರಣ ಆ ನಾಡಿನ ಕುಶಲಿಯು ಈ ಮೂರು ಮುಖಗಳಲ್ಲಿ ಯಾವುದನ್ನೂ ಅಲಕ್ಷಿಸಲಿಲ್ಲ. ನಮ್ಮ ಪದ್ಧತಿ ಬೇರೆ. ಬಾಳೆಯೆಲೆ, ಮುತ್ತುಗದೆಲೆ, ಕಂಚಿನ ತಟ್ಟೆಗಳಲ್ಲಿ ಉಂಡು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಗಳಲ್ಲಿ, ಮಡಿಯ ಕಟ್ಟಳೆಗೆ ಒಳಪಟ್ಟ ಅಡಿಗೆಮನೆಯೊಳಕ್ಕೆ ಪಿಂಗಾಣಿಯು ಉಪ್ಪಿನಕಾಯಿಯ ಜಾಡಿಯ ರೂಪದಲ್ಲಿ ಹೊಕ್ಕಿತೇ ಹೊರತು ಉಣ್ಣುವ ಪಾತ್ರೆಯಾಗಿ ಬಹುಕಾಲ ಹೊಗಲಿಲ್ಲ. ಚಿತ್ರದ ಬಟ್ಟಲು ಬಂದರೆ ಅದು ನಡುಮನೆಯ ಗಾಜಿನ ಬೀರುವಿನಲ್ಲಿ ಕುಳಿತಿತು, ಅಥವಾ ಅಟ್ಟಕ್ಕೇರಿತು. ತನ್ನ ತೌರಿನಲ್ಲಿ ದಿನನಿತ್ಯದ ಬಳಕೆಯಿಂದ ಸವೆಯುತ್ತಿದ್ದ ವಸ್ತುವು ಇಲ್ಲಿ ಬಳಕೆಯೇ ಇಲ್ಲದೆ ಉಳಿದುಕೊಂಡಿತು. ನಮ್ಮ ಅಟ್ಟಗಳಿಂದ ಇಳಿಯುವ ಬಟ್ಟಲುಗಳಲ್ಲಿ ಹಲವು ಇಂದಿಗೂ ಬಣ್ಣಗೆಡದೆ ಇರುವುದಕ್ಕೆ ಇದೇ ಕಾರಣವೆಂದು ನಾನು ಭಾವಿಸುತ್ತೇನೆ.

ಜಪಾನಿನ ಪಿಂಗಾಣಿಯ ಹುಟ್ಟೂರು ಆ ದೇಶದ ದಕ್ಷಿಣದ ಕ್ಯೂಶೂ ದ್ವೀಪದಲ್ಲಿರುವ ಅರಿತ. ಚೀನದಲ್ಲಿ ಸಾವಿರ ವರ್ಷದಿಂದ ಪಿಂಗಾಣಿಯಾಗುತ್ತಿದ್ದರೂ ಜಪಾನಿಗೆ ಆ ವಿದ್ಯೆ ಬಂದದ್ದು 17ನೆಯ ಶತಮಾನದ ಆದಿಯಲ್ಲಿ, ಅದೂ ಯುದ್ಧದ ಮಾರ್ಗವಾಗಿ. 1592ರಿಂದ 1598ರ ವರೆಗೆ ತೊಯೊತೊಮಿ ಹಿದೆಯೋಶಿಯು ಕೊರಿಯದ ಮೇಲೆ ದಂಡೆತ್ತಿ ಹೋದಾಗ ಅವನ ಸಾಮಂತರು ಅಲ್ಲಿನ ಕುಂಬಾರರನ್ನು ಹಿಡಿದು ತಮ್ಮ ಸೀಮೆಗಳಿಗೆ ಕರೆತಂದರು. ಅವರಲ್ಲಿ ಯಿ ಸಾಮ್‌ಪ್ಯೋಂಗ್ ಎಂಬಾತನು ಅರಿತದ ಇಜುಮಿಯಾಮಾ ಎಂಬಲ್ಲಿ ಬಿಳಿಯ ಕಲ್ಲಿನ ನಿಕ್ಷೇಪವನ್ನು ಕಂಡು 1616ರಲ್ಲಿ ಆ ನಾಡಿನ ಮೊದಲ ಪಿಂಗಾಣಿಯನ್ನು ಸುಟ್ಟನೆಂದು ಆ ಊರಿನ ಪರಂಪರೆ ಹೇಳುತ್ತದೆ. ತಾಯ್ನಾಡಿಗೆ ಮರಳದ ಆ ಕುಂಬಾರನನ್ನು ಊರವರು ಮರೆಯಲಿಲ್ಲ; ಅರಿತದ ಬೆಟ್ಟದ ಮೇಲಣ ತೋಜಾನ್ ದೇವಾಲಯದಲ್ಲಿ ಅವನಿಗೂ ಪೂಜೆ ಸಲ್ಲುತ್ತದೆ, ಮತ್ತು ಆ ದೇವಾಲಯದ ಮುಂದಿನ ತೋರಣಸ್ತಂಭವು ಮರದ್ದಾಗಲಿ ಕಲ್ಲಿನದಾಗಲಿ ಅಲ್ಲ, 1888ರಲ್ಲಿ ಮಾಡಿ ನಿಲ್ಲಿಸಿದ ನೀಲಿಚಿತ್ರದ ಪಿಂಗಾಣಿಯದು. ಪ್ರತಿ ವರ್ಷ ಏಪ್ರಿಲ್ 29ರಿಂದ ಮೇ 5ರ ವರೆಗೆ ಅಲ್ಲಿ ಪಿಂಗಾಣಿಯ ದೊಡ್ಡ ಪರಿಷೆ ನೆರೆಯುತ್ತದೆ. ದನಗಳ ಜಾತ್ರೆಗೆ ಹೆಸರಾದ ನಮ್ಮ ಮುಡುಕುತೊರೆಯ ಬೆಟ್ಟವಾದ ಸೋಮಗಿರಿಯ ಬುಡದಲ್ಲಿ ಬೆಳೆದವರಿಗೆ, ಒಂದು ಊರು ತನ್ನ ಕಸುಬನ್ನೂ ತನ್ನ ದೇವರನ್ನೂ ಒಂದೇ ಬೆಟ್ಟದ ನೆರಳಿನಲ್ಲಿ ಸಾಕುವ ಪರಿ ಅಪರಿಚಿತವೆನಿಸದು.

ಅರಿತದ ಬಟ್ಟಲು ಕಡಲು ದಾಟಿದ್ದು ಚೀನದ ದುರ್ದಿನಗಳಿಂದ. 1644ರಲ್ಲಿ ಮಿಂಗ್ ವಂಶ ಉರುಳಿ, ಅಂತಃಕಲಹದಿಂದ ಅಲ್ಲಿನ ಆವಿಗೆಗಳು ಆರಿಹೋದಾಗ, ಯೂರೋಪಿಗೂ ಏಷ್ಯದ ಬಂದರುಗಳಿಗೂ ಪಿಂಗಾಣಿ ಮಾರುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯು ಜಪಾನಿನ ಕಡೆಗೆ ತಿರುಗಿತು. ಪರದೇಶದವರಿಗೆ ಬಾಗಿಲು ಮುಚ್ಚಿದ್ದ ಜಪಾನಿನಲ್ಲಿ ಯೂರೋಪಿಯನ್ನರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಮಾತ್ರ, ವಾಸಕ್ಕೆ ಅನುಮತಿಯಿತ್ತು. ಅಲ್ಲಿಂದಲೇ ಅವರು 1659ರಲ್ಲಿ ಹತ್ತಾರು ಸಾವಿರ ಪಾತ್ರೆಗಳಿಗೆ ಬೇಡಿಕೆಯಿತ್ತರು. ಅರಿತದಲ್ಲಿ ಆದ ಸರಕು ಹಡಗೇರುತ್ತಿದ್ದ ಬಂದರು ಇಮಾರಿ. ಆದ್ದರಿಂದ ಕಡುನೀಲಿ, ಕಾವಿಗೆಂಪು, ಹೊನ್ನು ಈ ಮೂರು ಬಣ್ಣ ಕೂಡಿದ ಸಮೃದ್ಧ ಶೈಲಿಗೆ ಜಗತ್ತು ಬಂದರಿನ ಹೆಸರನ್ನೇ ಕೊಟ್ಟು ಇಮಾರಿ ಎಂದಿತು. ಇದೇ ಕಂಪನಿಗೆ ಪುಲಿಕಾಟ್, ನಾಗಪಟ್ಟಣ, ಕೊಚ್ಚಿ, ಸೂರತ್‌ಗಳಲ್ಲಿ ಕೋಠಿಗಳಿದ್ದವು. ನಮ್ಮ ಕರಾವಳಿಯ ಬಸರೂರಿನಲ್ಲಿಯೂ 17ನೆಯ ಶತಮಾನದಲ್ಲಿ ಡಚ್ಚರ ವ್ಯಾಪಾರವಿತ್ತು. ಈ ಕಾಲಾನುಕ್ರಮವನ್ನು ನೆನಪಿಟ್ಟುಕೊಂಡರೆ ಒಂದು ಪ್ರಯೋಜನವುಂಟು. ಹಂಪೆಯ ಉತ್ಖನನಗಳಲ್ಲಿ ಪಿಂಗಾಣಿಯ ಚೂರುಗಳು ದೊರೆತಿವೆಯೆಂದು ಕೇಳಿದವರು ಅವು ಜಪಾನಿನವೂ ಆಗಿರಬಹುದೆ ಎಂದು ನನ್ನನ್ನು ಕೇಳಿದ್ದುಂಟು. ವಿಜಯನಗರ ಹಾಳಾದದ್ದು 1565ರಲ್ಲಿ. ಅರಿತದ ಮೊದಲ ಆವಿಗೆ ಉರಿದದ್ದು ಅದಕ್ಕೆ ಅರ್ಧ ಶತಮಾನದ ಬಳಿಕ. ಆದುದರಿಂದ ರಾಯರ ಅರಮನೆಯಲ್ಲಿ ಬಳಕೆಯಾದ ಪಿಂಗಾಣಿ ಚೀನದ್ದು. ಜಪಾನಿನದಾಗಿರಲು ಕಾಲವೇ ಒಪ್ಪದು.

ಯೂರೋಪಿನ ರಾಜರಲ್ಲಿ ಈ ವಸ್ತುಗಳು ಹುಟ್ಟಿಸಿದ ವ್ಯಾಮೋಹ ವ್ಯಾಧಿಯ ಮಟ್ಟವನ್ನು ಮುಟ್ಟಿತ್ತು. ಸ್ಯಾಕ್ಸನಿಯ ದೊರೆ ಅಗಸ್ಟಸನು ಚೀನ ಜಪಾನುಗಳ ಪಿಂಗಾಣಿಯನ್ನು ಸಾವಿರಗಟ್ಟಲೆ ಕೂಡಿಹಾಕಿ, ಅವುಗಳಿಗಾಗಿ ಡ್ರೆಸ್ಡೆನ್ ನಗರದಲ್ಲಿ ಒಂದು ಅರಮನೆಯನ್ನೇ ಮೀಸಲಿಟ್ಟನು. 1717ರಲ್ಲಿ ಪ್ರಷ್ಯದ ದೊರೆಯಿಂದ ಚೀನದ 151 ಪಿಂಗಾಣಿಗಳನ್ನು ಪಡೆಯುವುದಕ್ಕಾಗಿ ತನ್ನ ಸೈನ್ಯದ 600 ಮಂದಿ ಸವಾರರನ್ನು ವಿನಿಮಯವಾಗಿ ಕೊಟ್ಟನು. ಅವನ ಆಶ್ರಯದಲ್ಲಿಯೇ 1710ರಲ್ಲಿ ಮೈಸೆನ್ನಿನ ಕಾರ್ಖಾನೆ ಸ್ಥಾಪಿತವಾಗಿ ಯೂರೋಪಿಗೆ ಪಿಂಗಾಣಿಯ ವಿದ್ಯೆ ಬಂದಿತೆಂಬುದು ನಿಜ; ಅಲ್ಲಿನ ಕುಶಲಿಗಳು ಅರಿತದ ಕಾಕಿಯೆಮೊನ್ ಮನೆತನದವರ ಹಾಲುಬಿಳುಪಿನ ಮೈಯನ್ನೂ ವಿರಳವಾದ ಹೂಕೊಂಬೆಗಳನ್ನೂ ಅನುಕರಿಸಿ ಕಲಿತರೆಂಬುದೂ ನಿಜ. ಆದರೂ ಪಾತ್ರೆಗಾಗಿ ಮನುಷ್ಯರನ್ನು ತೂಗಿಕೊಟ್ಟ ಆ ವ್ಯವಹಾರವನ್ನು ಸಂಗ್ರಾಹಕನಾಗಬಯಸುವ ಪ್ರತಿಯೊಬ್ಬನೂ ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ವಸ್ತುವಿನ ಮೇಲಣ ಪ್ರೀತಿಯು ಅದನ್ನು ಮಾಡಿದ ಕೈಗಳ ಮೇಲಣ ಗೌರವದಿಂದ ಹುಟ್ಟದಿದ್ದರೆ, ಅದು ಬೇಗನೆ ಬರಿಯ ಸ್ವಾಮ್ಯದ ಹಸಿವಾಗಿ ಪರಿಣಮಿಸುತ್ತದೆ.

ಆ ಕೈಗಳು ಮಾಡಿದ್ದೇನು? ಅರಿತದವರು ನಮ್ಮ ಕುಂಬಾರರಂತೆ ಕೆರೆಯ ಜೇಡಿಯಿಂದ ಮೊದಲುಮಾಡಲಿಲ್ಲ. ಬೆಟ್ಟದಿಂದ ಕಡಿದ ಬಿಳಿಗಲ್ಲನ್ನು ನೀರಿನ ಬಲದಿಂದ ಏಳುಬೀಳುವ ಒನಕೆಗಳಲ್ಲಿ ಕುಟ್ಟಿ ಹಿಟ್ಟುಮಾಡಿ, ನೀರಿನಲ್ಲಿ ತಿಳಿಗೊಳಿಸಿ, ಆ ಕೆಸರನ್ನು ಹದಕ್ಕೆ ತಂದು ತಿಗರಿಯ ಮೇಲೆ ಬಟ್ಟಲೆತ್ತಿದರು. ಒಣಗಿದ ಬಟ್ಟಲಿನ ಮೇಲೆ ಕೋಬಾಲ್ಟ್ ಎಂಬ ಖನಿಜದ ನೀಲಿಯಿಂದ ಒಬ್ಬರು ಗೆರೆ ಬರೆದರೆ ಇನ್ನೊಬ್ಬರು ದೊಡ್ಡ ಕುಂಚವನ್ನು ಬಣ್ಣದ ನೀರಿನಲ್ಲಿ ತೋಯಿಸಿ, ಗೆರೆಗಳ ನಡುವಣ ಎಡೆಯನ್ನು ತುಂಬಿದರು; ಈ ತುಂಬುವ ಕೆಲಸ ಬಹುಮಟ್ಟಿಗೆ ಹೆಂಗಸರದಾಗಿತ್ತು. ಅದರ ಮೇಲೆ ಮೆರುಗಿನ ಲೇಪ ಕೊಟ್ಟು, ಮುಡುಕುತೊರೆಯ ಬೆಟ್ಟದ ಮೆಟ್ಟಿಲುಗಳಂತೆ ಇಳಿಜಾರಿನಲ್ಲಿ ಒಂದರ ಮೇಲೊಂದಾಗಿ ಏರಿಹೋಗುವ ಕೋಣೆಗಳ ಆವಿಗೆಯಲ್ಲಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರು. ಆ ಕಾವನ್ನು ನೀಲಿಯು ತಾಳಬಲ್ಲುದು. ಕೆಂಪು, ಹಸುರು, ಹೊನ್ನುಗಳು ತಾಳಲಾರವು. ಆದಕಾರಣ ಅವನ್ನು ಸುಟ್ಟ ಬಟ್ಟಲಿನ ಮೆರುಗಿನ ಮೇಲೆ ಬರೆದು ಮತ್ತೊಮ್ಮೆ ಕಡಮೆ ಕಾವಿನಲ್ಲಿ ಸುಡಬೇಕಾಗಿತ್ತು. ಇಷ್ಟನ್ನು ತಿಳಿದವನಿಗೆ ಬಟ್ಟಲನ್ನು ನೋಡುವ ದೃಷ್ಟಿ ಅರ್ಧ ಬಂದಂತೆಯೇ: ನೀಲಿ ಮೆರುಗಿನ ಕೆಳಗೆ, ಮಿಕ್ಕ ಬಣ್ಣಗಳು ಅದರ ಮೇಲೆ.

ನಮ್ಮ ಮನೆಯಲ್ಲಿರುವ ಒಂದು ಬೋಗುಣಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮೈಸೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ದೊಡ್ಡಪ್ಪನವರು, ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶವನ್ನು ಬಿಟ್ಟುಹೋಗುವ ಕಾಲದಲ್ಲಿ, ಬಂಗಲೆಯೊಂದರ ಸಾಮಾನು ಹರಾಜಿನಲ್ಲಿ ಅದನ್ನು ಕೂಗಿ ತೆಗೆದುಕೊಂಡರು. ಅಗಲ ಒಂದು ಗೇಣಿಗಿಂತ ತುಸು ಹೆಚ್ಚು. ಒಳಗೆ ನಡುವೆ ವರ್ತುಲದಲ್ಲಿ ಹೂದಾನಿ, ಅದರಿಂದ ಇಬ್ಬದಿಗೂ ಚೆಲ್ಲಿದ ಸೇವಂತಿಗೆ. ಸುತ್ತಲೂ ಆರು ಅಂಕಣಗಳು, ಒಂದು ನೀಲಿ ನೆಲದ ಮೇಲೆ ಹೊನ್ನಿನ ಬಳ್ಳಿ, ಮತ್ತೊಂದು ಬಿಳಿಯ ನೆಲದ ಮೇಲೆ ಕೆಂಪು ಹೂ, ಹೀಗೆ ಒಂದುಬಿಟ್ಟು ಒಂದು. ಇದನ್ನು ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದರೆ ನೀಲಿಯ ಮೇಲೆ ಬೆಳಕು ಅಖಂಡವಾಗಿ ಹರಿಯುತ್ತದೆ. ಕೆಂಪಿನ ಅಂಚಿಗೆ ಬಂದಾಗ ಆ ಬೆಳಕು ತಡೆಯುತ್ತದೆ. ಕಣ್ಣು ಮುಚ್ಚಿ ಬೆರಳ ತುದಿಯನ್ನು ಆಡಿಸಿದರೂ ಸಾಕು, ಕೆಂಪು ಎಲ್ಲಿ ಮೊದಲಾಯಿತೆಂಬುದು ಚರ್ಮಕ್ಕೆ ತಿಳಿಯುತ್ತದೆ. ಹೊನ್ನು ಬಾಯಂಚಿನ ಒಂದು ಪಕ್ಕದಲ್ಲಿ ಮಾತ್ರ ಸವೆದು ಕಂದಿದೆ. ಹಿಂದಿನ ಒಡೆಯರ ಮನೆಯಲ್ಲಿ ಅದನ್ನು ಎತ್ತುವಾಗ ಹೆಬ್ಬೆರಳು ತಾಗುತ್ತಿದ್ದ ಎಡೆ ಅದು. ಸಹಜವಾದ ಸವೆತ ಹೀಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಮೆಯಾಗಿರುತ್ತದೆ. ಹಳೆಯದೆಂದು ನಂಬಿಸುವುದಕ್ಕಾಗಿ ಆಮ್ಲದಿಂದ ಮಾಸುವಂತೆ ಮಾಡಿದ ಹೊಸ ಪಾತ್ರೆಯಲ್ಲಾದರೋ ಮಂಕು ಎಲ್ಲೆಡೆಯೂ ಸಮನಾಗಿ ಹರಡಿರುತ್ತದೆ.

ಇನ್ನು ಬೋರಲಿಟ್ಟು ನೋಡೋಣ. ತಳದ ಬಳೆಯ ಅಂಚಿಗೆ ಮೆರುಗು ಬಳಿದಿಲ್ಲ, ಏಕೆಂದರೆ ಬಳಿದಿದ್ದರೆ ಅದು ಕರಗಿ ಆವಿಗೆಯ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆ ಬೆತ್ತಲೆ ಅಂಚಿನಲ್ಲಿ ಪಾತ್ರೆಯ ನಿಜವಾದ ಮೈ ಕಾಣಿಸುತ್ತದೆ: ಬಿಗಿಯಾದ, ನುಣುಪಾದ, ತುಸು ಬೂದುಬಿಳುಪಿನ ಮೈ. ಬಳೆಯ ಒಳಗೆ ಮೆರುಗಿನ ನಡುವೆ ರಾಗಿಕಾಳಿನಷ್ಟು ದೊಡ್ಡ ಕೆಲವು ಕಲೆಗಳಿವೆ. ಅಗಲವಾದ ಪಾತ್ರೆಯ ತಳ ಕಾವಿನಲ್ಲಿ ಮೆತ್ತಗಾಗಿ ಕುಸಿಯದಿರಲೆಂದು ಅರಿತದವರು ಅದರ ಕೆಳಗೆ ಮಣ್ಣಿನ ಸಣ್ಣ ಮೊಳೆಗಳನ್ನು ಆಸರೆಕೊಟ್ಟು, ಸುಟ್ಟಾದ ಮೇಲೆ ತಟ್ಟಿ ತೆಗೆಯುತ್ತಿದ್ದರು. ಈ ಕಲೆಗಳು ಆ ಆಸರೆಯ ಗುರುತು. ಚೀನದ ಪಾತ್ರೆಗಳಲ್ಲಿ ಇವು ಸಾಮಾನ್ಯವಾಗಿ ಕಾಣಬಾರವು. ಆದಕಾರಣ ಅಗಲವಾದ ತಟ್ಟೆಬೋಗುಣಿಗಳಲ್ಲಿ ಜಪಾನನ್ನು ಗುರುತಿಸುವುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಆದರೆ ತಳದಲ್ಲಿ ಬರೆದಿರುವ ಅಕ್ಷರಗಳನ್ನು ಅಷ್ಟು ಸುಲಭವಾಗಿ ನಂಬಬಾರದು. ಜಪಾನಿನ ಕುಶಲಿಗಳು ಚೀನದ ಮಿಂಗ್ ಚಕ್ರವರ್ತಿಗಳ ಆಳ್ವಿಕೆಯ ಹೆಸರನ್ನು ಗೌರವಕ್ಕಾಗಿಯೋ ಅಲಂಕಾರಕ್ಕಾಗಿಯೋ ತಮ್ಮ ಪಾತ್ರೆಗಳ ಮೇಲೆ ಧಾರಾಳವಾಗಿ ಬರೆದರು. ಸೌಭಾಗ್ಯವನ್ನು ಸೂಚಿಸುವ ಅಕ್ಷರವೊಂದನ್ನು ಚೌಕದಲ್ಲಿ ಬರೆಯುವುದಂತೂ ಬಹಳ ರೂಢಿಯಲ್ಲಿತ್ತು. ಇವೆಲ್ಲ ಹಾರೈಕೆಗಳು, ಕಾಲನಿರ್ಣಯಕ್ಕೆ ಆಧಾರಗಳಲ್ಲ.

ರೋಮನ್ ಅಕ್ಷರಗಳಿದ್ದರೆ ಮಾತು ಬೇರೆ. ಆಮದಾಗುವ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರಿರಬೇಕೆಂದು ಅಮೆರಿಕವು 1890ರ ಸುಂಕದ ಕಾಯಿದೆಯಲ್ಲಿ ವಿಧಿಸಿ 1891ರಿಂದ ಆಚರಣೆಗೆ ತಂದುದರಿಂದ ‘ನಿಪ್ಪಾನ್’ ಎಂಬ ಮುದ್ರೆ ಬಂದಿತು. 1921ರಲ್ಲಿ ಆ ಹೆಸರು ಸಲ್ಲದೆಂದು ತೀರ್ಮಾನವಾದ ಮೇಲೆ ‘ಜಪಾನ್’ ಎಂಬುದು ಬಂದಿತು. ಮಹಾಯುದ್ಧದ ಬಳಿಕ 1952ರ ವರೆಗೆ, ಪರಾಧೀನ ಜಪಾನಿನಲ್ಲಿ ತಯಾರಾದದ್ದೆಂಬ ಮುದ್ರೆಯೂ ಕೆಲವಕ್ಕೆ ಬಿದ್ದಿತು. ಇಂಥ ಮುದ್ರೆಯಿದ್ದರೆ ಬಟ್ಟಲು ಆ ವರ್ಷಕ್ಕಿಂತ ಹಳೆಯದಲ್ಲವೆಂದು ಧೈರ್ಯವಾಗಿ ಹೇಳಬಹುದು. ಆದರೆ ಮುದ್ರೆಯಿಲ್ಲವೆಂದ ಮಾತ್ರಕ್ಕೆ 1891ಕ್ಕಿಂತ ಹಿಂದಿನದೆಂದು ಹೇಳಲಾಗದು. ಆ ಕಾಯಿದೆ ಅಮೆರಿಕಕ್ಕೆ ಹೋದ ಸರಕಿಗೆ ಅನ್ವಯಿಸಿದ್ದೇ ಹೊರತು ಮುಂಬಯಿಗೋ ಮದರಾಸಿಗೋ ಬಂದದ್ದಕ್ಕಲ್ಲ. ಪರದೇಶದ ಪುಸ್ತಕಗಳನ್ನು ಓದಿ ತೀರ್ಪುಕೊಡುವವರು ಇಲ್ಲಿ ಎಡವುತ್ತಾರೆ.

ನೀಲಿಬಿಳಿಯ ಸಣ್ಣ ಬಟ್ಟಲುಗಳನ್ನು ಕಂಡವರು ಗೆರೆಗಳನ್ನು ಸಮೀಪದಿಂದ ಪರೀಕ್ಷಿಸಬೇಕು. 1868ರಲ್ಲಿ ಮೆಯ್ಜಿ ಯುಗ ಪ್ರಾರಂಭವಾದ ಮೇಲೆ ಯೂರೋಪಿನಿಂದ ಶುದ್ಧೀಕರಿಸಿದ ಕೋಬಾಲ್ಟ್ ಬಂದು, ಹಿಂದಣ ಮಂದವಾದ ಬೂದುನೀಲಿಯ ಬದಲು ಕಣ್ಣಿಗೆ ಹೊಡೆಯುವ ಗಾಢನೀಲಿ ಬಳಕೆಗೆ ಬಂದಿತು. ಕಾಗದದಲ್ಲಿ ಚಿತ್ರ ಕತ್ತರಿಸಿ ಅದರ ಮೂಲಕ ಬಣ್ಣ ಒತ್ತುವ ವಿಧಾನವೂ, ಆಮೇಲೆ ತಾಮ್ರದ ತಗಡಿನಿಂದ ಅಚ್ಚೊತ್ತುವ ವಿಧಾನವೂ ಬಂದು ಬಟ್ಟಲು ಬಡವರಿಗೂ ಎಟುಕಿತು. ಅಚ್ಚಿನ ಬಟ್ಟಲಿನಲ್ಲಿ ಕಾಗದದ ಎರಡು ತುದಿಗಳು ಕೂಡುವಲ್ಲಿ ಬಳ್ಳಿ ತುಂಡಾಗಿರುತ್ತದೆ, ಇಲ್ಲವೆ ಒಂದು ಎಲೆ ಇನ್ನೊಂದರ ಮೇಲೆ ಏರಿರುತ್ತದೆ. ಕೆಲವರು ಇದನ್ನು ಕಂಡು ಮೂಗುಮುರಿಯುತ್ತಾರೆ. ನಾನು ಹಾಗೆ ಮಾಡಲಾರೆ. ರಾಜರ ಮೇಜಿಗಾಗಿ ಅಲ್ಲದೆ ರೈತನ ಅನ್ನಕ್ಕಾಗಿ ಆದ ಆ ಬಟ್ಟಲಿನಲ್ಲಿ ಪೈನ್, ಬಿದಿರು, ಹೂಬಿಟ್ಟ ಉಮೆ ಗಿಡ ಈ ಮೂರೂ ಕೂಡಿ ದೀರ್ಘಾಯುಷ್ಯವನ್ನು ಹಾರೈಸುತ್ತವೆ. ಹೊಸದಾಗಿ ಸಂಗ್ರಹಿಸಹೊರಟವರಿಗೆ ಇವುಗಳಿಗಿಂತ ಒಳ್ಳೆಯ ಪಾಠಗಳಿಲ್ಲ. ಕೆನೆಬಣ್ಣದ ಮೈಯಲ್ಲಿ ಕೂದಲೆಳೆಯ ಬಿರುಕುಗಳ ಬಲೆಯಿದ್ದು, ಮೇಲೆ ಹೊನ್ನಿನ ಸೂಕ್ಷ್ಮಚಿತ್ರವಿರುವ ಸತ್ಸುಮಾ ಪಾತ್ರೆಗಳು ಪಿಂಗಾಣಿಯಲ್ಲ, ಉತ್ತಮವಾದ ಮಣ್ಣಿನ ಪಾತ್ರೆಗಳೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು.

ಈಗ ದಾರಿಯ ಮಾತು. ಕಾವೇರಿಯ ಈ ತಿರುವಿನವರೆಗೆ ಜಪಾನಿನ ಬಟ್ಟಲು ಹೇಗೆ ಬಂದಿತು? ದಂಡಿನ ಬಂಗಲೆಗಳ ಹರಾಜು ಒಂದು ದಾರಿ. ಇನ್ನೊಂದು, ಮೊದಲನೆಯ ಮಹಾಯುದ್ಧದ ಕಾಲದಿಂದ 1930ರ ದಶಕದ ಕೊನೆಯವರೆಗೆ ಭಾರತದ ಪೇಟೆಗಳನ್ನು ತುಂಬಿದ ಅಗ್ಗದ ಜಪಾನಿ ಸರಕು. ಬಟ್ಟೆ, ಬೊಂಬೆ, ಗಾಜು, ಪಿಂಗಾಣಿ ಎಲ್ಲವೂ ಬಂದರಿನಿಂದ ರೈಲಿನಲ್ಲಿ ನಂಜನಗೂಡಿನವರೆಗೆ ಬಂದು, ಅಲ್ಲಿಂದ ಗಾಡಿಗಳಲ್ಲಿ ಸಂತೆಗೂ ಜಾತ್ರೆಗೂ ಹೋಗಬಹುದಾಗಿದ್ದ ಕಾಲ ಅದು. ಮೂರನೆಯದು ಮೈಸೂರು ಸಂಸ್ಥಾನಕ್ಕೂ ಜಪಾನಿಗೂ ಇದ್ದ ವಿಶೇಷವಾದ ಒಲವು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಕಂಡುಬಂದು, ಆ ದೇಶದ ಉದ್ಯಮಶೀಲತೆಯನ್ನು ಜೀವಮಾನವಿಡೀ ಆದರ್ಶವಾಗಿ ಎತ್ತಿಹಿಡಿದರು. ಜೆಮ್‌ಶೆಟ್ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿದಾಗ ಅದನ್ನು ನಡೆಸಲು ಜಪಾನಿನಿಂದಲೇ ತಜ್ಞರನ್ನು ಕರೆಸಿದರು. ಹಿಪ್ಪುನೇರಳೆಯ ಹೊಲಗಳನ್ನೂ ನೂಲುಬಿಚ್ಚುವ ಕಾರ್ಖಾನೆಯನ್ನೂ ಕಂಡ ತಿರುಮಕೂಡಲು ನರಸೀಪುರದವರಿಗೆ ಈ ಸಂಬಂಧದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಸರ್ಕಾರವು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ತನ್ನದೇ ಪಿಂಗಾಣಿ ಕಾರ್ಖಾನೆಯನ್ನು ನಡೆಸಿತು; ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಹುಟ್ಟಿಸಿದ ನಾಡಿಗೆ ತಂತಿಕಂಬಗಳ ಮೇಲಣ ಪಿಂಗಾಣಿಯೂ ಬೇಕಾಗಿತ್ತಲ್ಲವೆ. ಹೀಗೆ ಪಿಂಗಾಣಿಯೆಂಬುದು ನಮ್ಮ ಹಿರಿಯರಿಗೆ ಕೇವಲ ಬೆಡಗಿನ ವಸ್ತುವಾಗಿರಲಿಲ್ಲ, ಕಲಿಯತಕ್ಕ ವಿದ್ಯೆಯೂ ಆಗಿತ್ತು.

ಉತ್ತಮವಾದದ್ದನ್ನು ಕಣ್ಣಾರೆ ಕಾಣದೆ ಕೈಲಿರುವುದರ ಯೋಗ್ಯತೆ ತಿಳಿಯದು. 1861ರಲ್ಲಿ ಕಟ್ಟಿದ, 1915ರಿಂದ ಚಿತ್ರಶಾಲೆಯಾದ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ರವಿವರ್ಮನ ಚಿತ್ರಗಳ ಮುಂದೆ ನಿಂತಷ್ಟೇ ಹೊತ್ತು ಪಿಂಗಾಣಿಯ ಮುಂದೆಯೂ ನಿಲ್ಲಬೇಕು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಂತೂ ಈ ವಿಷಯದಲ್ಲಿ ದಕ್ಷಿಣ ದೇಶದ ದೊಡ್ಡ ಪಾಠಶಾಲೆ; 1949ರಲ್ಲಿ ತೀರಿಕೊಂಡ ಮೂರನೆಯ ಸಾಲಾರ್ ಜಂಗರು ಕೂಡಿಸಿದ ವಸ್ತುಗಳಿಂದ 1951ರಲ್ಲಿ ತೆರೆದ ಆ ಸಂಗ್ರಹದಲ್ಲಿ ಜಪಾನಿನ ಇಮಾರಿ, ಸತ್ಸುಮಾ ಮೊದಲಾದ ಬಗೆಗಳನ್ನು ಒಂದೆಡೆ ಹೋಲಿಸಿ ನೋಡಬಹುದು. ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿ, ಬೀದರ, ರಾಯಚೂರುಗಳ ಕನ್ನಡಿಗರಿಗೆ ಅದು ತಮ್ಮದೇ ಇತಿಹಾಸದ ಭಾಗ.

ಮನೆಯಲ್ಲಿ ಬಟ್ಟಲಿರುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹಿತ್ತಾಳೆ ಕಂಚುಗಳನ್ನು ಬೆಳಗುವ ಹುಣಿಸೆಹಣ್ಣು, ಬೂದಿ, ತೆಂಗಿನ ನಾರುಗಳನ್ನು ಈ ಬಟ್ಟಲುಗಳಿಗೆ ಸೋಕಿಸಲೇಬಾರದು. ಹುಳಿಯು ಮೆರುಗಿನ ಮೇಲಣ ಬಣ್ಣವನ್ನು ಕೊರೆಯುತ್ತದೆ, ಬೂದಿಯು ಹೊನ್ನನ್ನು ಉಜ್ಜಿ ತೆಗೆಯುತ್ತದೆ. ನೂರು ವರ್ಷ ಉಳಿದ ಚಿತ್ರವು ಹಬ್ಬದ ಹಿಂದಿನ ದಿನದ ಒಂದು ತಿಕ್ಕುವಿಕೆಯಲ್ಲಿ ಅಳಿಸಿಹೋಗಬಹುದು. ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ, ಕೆಳಗೊಂದು ಮಡಿಸಿದ ಟವಲು, ಇಷ್ಟು ಸಾಕು. ಒಂದರೊಳಗೊಂದನ್ನು ಇಡುವುದಾದರೆ ನಡುವೆ ಬಟ್ಟೆಯಿರಲಿ. ಹಳೆಯ ಪಾತ್ರೆಗಳ ಮೇಲ್ಬಣ್ಣಗಳಲ್ಲಿ ಸೀಸವಿರುವುದುಂಟಾದ್ದರಿಂದ ಮೊಸರು, ಸಾರು, ಉಪ್ಪಿನಕಾಯಿಗಳನ್ನು ಅವುಗಳಲ್ಲಿ ಇಡತಕ್ಕದ್ದಲ್ಲ. ಬಿರುಕು ಬಿಟ್ಟಿದೆಯೆ ಎಂದು ತಿಳಿಯಲು ಬಟ್ಟಲನ್ನು ಅಂಗೈಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಗಟ್ಟಿಯಾದದ್ದು ನಾದಗೊಡುತ್ತದೆ, ಬಿರಿದದ್ದು ಮೊದ್ದಾಗಿ ಸದ್ದುಮಾಡುತ್ತದೆ. ಬಿರಿದ ಮಾತ್ರಕ್ಕೆ ಬಿಸಾಡಬೇಡಿ. ಜಪಾನೀಯರು ಒಡೆದ ಬಟ್ಟಲನ್ನು ಅರಗಿನಂಥ ಮರದ ಹಾಲಿನಿಂದ ಕೂಡಿಸಿ, ಕೂಡಿದ ಗೆರೆಯ ಮೇಲೆ ಹೊನ್ನಿನ ಪುಡಿ ಹಾಕಿ ಗೌರವದಿಂದ ಬಳಸುತ್ತಾರೆ.

ಕೊಳ್ಳುವವರಿಗೂ ಮಾರುವವರಿಗೂ ಕಾಯಿದೆಯ ತಿಳಿವು ಇರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾವಸ್ತುಗಳು ಪ್ರಾಚ್ಯವಸ್ತುಗಳಾಗಿ ಪರಿಗಣಿತವಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಬಟ್ಟಲನ್ನು ಸಾಮಾನಿನಲ್ಲಿ ಕಟ್ಟಿ ಕಳುಹಿಸುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಕಡೆಯದಾಗಿ, ಸಂಗ್ರಹವನ್ನು ಎಲ್ಲಿಂದ ಮೊದಲುಮಾಡಬೇಕೆಂದು ಕೇಳಿದವರಿಗೆ ನನ್ನ ಉತ್ತರ. ಕಾಕಿಯೆಮೊನ್ನರ 17ನೆಯ ಶತಮಾನದ ಕೃತಿಗಳನ್ನು ಅರಸಿ ಹೊರಡಬೇಡಿರಿ. ಅವು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ, ಅವುಗಳ ಮೇಲೆ ಪಂಡಿತರು ಬರೆಯಬೇಕಾದ್ದನ್ನು ಬರೆದಿದ್ದಾರೆ. ನಿಮ್ಮ ಊರಿಗೆ, ನಿಮ್ಮ ಬಂಧುಗಳ ಮನೆಗೆ ಬಂದ ಸಾಧಾರಣ ಬಟ್ಟಲುಗಳನ್ನು ಹುಡುಕಿರಿ. ಪ್ರತಿಯೊಂದರ ಸಂಗಡ ಒಂದು ಚೀಟಿಯಿರಲಿ; ಯಾರು ತಂದರು, ಯಾವ ಊರಿನ ಯಾವ ಅಂಗಡಿಯಿಂದ ಅಥವಾ ಹರಾಜಿನಿಂದ ತಂದರು, ಸುಮಾರು ಯಾವ ವರ್ಷ, ಯಾವ ಕೆಲಸಕ್ಕೆ ಬಳಸಿದರು, ಯಾರ ಬಾಯಿಂದ ಈ ಸಂಗತಿ ತಿಳಿಯಿತು ಎಂಬುದನ್ನು ಅದರಲ್ಲಿ ಬರೆಯಿರಿ. ಅರಿತದ ಬಟ್ಟಲು ಅರಿತದಿಂದ ಹೊರಟದ್ದನ್ನು ಜಪಾನಿನವರು ಬರೆದಿಟ್ಟಿದ್ದಾರೆ, ಕಡಲಿನ ಮೇಲೆ ಸಾಗಿದ್ದನ್ನು ಡಚ್ಚರು ಲೆಕ್ಕಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಬಾಗಿಲಿಗೆ ಬಂದು ಸೇರಿದ್ದನ್ನು ನಾವೂ ಬರೆದಿಡದಿದ್ದರೆ ಬೇರೆ ಯಾರೂ ಬರೆಯಲಾರರು. ಅದನ್ನು ಬಲ್ಲ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿ ಇದ್ದಾರೆ. ಈ ಸಲದ ಜಾತ್ರೆಗೆ ನೆಂಟರು ಕೂಡಿದಾಗ ಅಟ್ಟದ ಬಟ್ಟಲನ್ನು ಅವರ ಕೈಗಿತ್ತು ಕೇಳಿರಿ. ಅವರು ಹೇಳಿದ್ದನ್ನು ಅಂದೇ ಬರೆದುಕೊಳ್ಳಿರಿ.